ಮೈ ಹೇಳುವುದನ್ನು ನಂಬಬಹುದೆ?

ಈ ಸಲದ ಪ್ರಶ್ನೆ: ಒಳಗಿನ ಆರೋಗ್ಯ ಚರ್ಮದ ಮೇಲೆ ಕಾಣುತ್ತದೆಯೆ? ಹೌದು ಎನ್ನುವವರು ಚಿಂತಾಮಣಿಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವವರು. ಇಲ್ಲ ಎನ್ನುವವರು ಶಿಡ್ಲಘಟ್ಟದ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿ.

ಪರ: ಕತ್ತು ಕಪ್ಪಾದರೆ ಸೋಪು ಬದಲಾಯಿಸಬೇಡಿ

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಬರೆಯಬೇಕಾಗಿದ್ದವನು ನಾನಲ್ಲ. ಯಾರೋ ಆಯುರ್ವೇದ ವೈದ್ಯರು ಒಪ್ಪಿಕೊಂಡಿದ್ದರಂತೆ, ಕೊನೇ ಗಳಿಗೆಯಲ್ಲಿ ಪುರುಸೊತ್ತಿಲ್ಲ ಅಂದರಂತೆ. ಬಿ.ಪಿ. ಮಾತ್ರೆಗೆಂದು ಅಂಗಡಿಗೆ ಬಂದ ಸಂಪಾದಕರು, "ನೀವೇ ಬರೀರಿ, ದಿನಾ ಅಷ್ಟೊಂದು ಜನದ ಮುಖ ನೋಡ್ತೀರಲ್ಲ" ಎಂದರು. ಯಾವ ಕಡೆ ಅಂತ ಕೇಳಿದೆ. ಪರ ಅಂದರು. ವಿರೋಧ ಅಂದಿದ್ದರೂ ಬರೆಯುತ್ತಿದ್ದೆನೇನೋ. ಆದರೆ ಪೆನ್ನು ಹಿಡಿದು ಕೂತ ಮೇಲೆ ನನ್ನ ಕತ್ತೇ ನೆನಪಿಗೆ ಬಂತು.

ಆರು ವರ್ಷದ ಹಿಂದಿನ ಮಾತು. ನನ್ನ ಹಿಂಗತ್ತು ಕಪ್ಪಾಗತೊಡಗಿತ್ತು. ಮೊದಲು ಕಂಡದ್ದು ನಮ್ಮ ಮನೆಯವರಿಗೆ. ಶರ್ಟಿನ ಕಾಲರು ಉಜ್ಜುವವರು ಅವರೇ ತಾನೆ. "ಸ್ನಾನಕ್ಕೆ ಹೋದೋರು ಕತ್ತು ಮರೆತು ಬರ್ತೀರಾ?" ಅಂದರು. ಕಡಲೆಹಿಟ್ಟು ಮೊಸರು ಕಲಸಿ ಹಚ್ಚಿದ್ದಾಯಿತು. ನಿಂಬೆಹೋಳಿಗೆ ಸಕ್ಕರೆ ಅದ್ದಿ ತಿಕ್ಕಿದ್ದಾಯಿತು. ಕೊನೆಗೆ ಪಾತ್ರೆ ಬೆಳಗುವ ತೆಂಗಿನ ನಾರೂ ಬಂತು. ಕತ್ತು ಕೆಂಪಾಯಿತು, ಉರಿಯಿತು, ಕಪ್ಪು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಎರಡು ಕನ್ನಡಿ ಹಿಡಿದು ನೋಡಿಕೊಂಡೆ. ಕೊಳೆಯ ಹಾಗೆ ಇರಲಿಲ್ಲ. ಗೆರೆಗೆರೆಯಾಗಿ ದಪ್ಪಗಾಗಿತ್ತು, ಮುಟ್ಟಿದರೆ ಮಖಮಲ್ಲು ಮುಟ್ಟಿದ ಹಾಗೆ. ಕಂಕುಳಲ್ಲೂ ಅದೇ. ನಾದಿನಿಯ ಮದುವೆ ಫೋಟೋದಲ್ಲಿ ಬಗ್ಗಿ ಅಕ್ಷತೆ ಹಾಕುತ್ತಿರುವ ನನ್ನ ಕತ್ತು ನೋಡಿ ಮಕ್ಕಳು ಇವತ್ತಿಗೂ ನಗುತ್ತವೆ.

ಒಂದು ದಿನ ಆರ್ಡರ್ ಬರೆದುಕೊಳ್ಳಲು ಬಂದ ಮೆಡಿಕಲ್ ರೆಪ್ ಒಬ್ಬ, ನನ್ನ ಮಗನ ವಯಸ್ಸಿನವನು, ನಾನು ಕೆಳಗಿನ ಖಾನೆಯಿಂದ ಡಬ್ಬ ತೆಗೆಯಲು ಬಗ್ಗಿದಾಗ ಕೇಳಿದ: "ಸರ್, ಶುಗರ್ ನೋಡಿಸಿದ್ದೀರಾ?" ಗ್ಲುಕೋಮೀಟರಿನ ಡಬ್ಬಗಳನ್ನು ಎದೆಮಟ್ಟಕ್ಕೆ ಪೇರಿಸಿಟ್ಟುಕೊಂಡು ವರ್ಷಗಟ್ಟಲೆ ಮಾರಿದವನು ನಾನು. ನನ್ನ ಬೆರಳನ್ನು ನಾನೇ ಒಮ್ಮೆಯೂ ಚುಚ್ಚಿಕೊಂಡಿರಲಿಲ್ಲ. ಮಾರನೇ ದಿನ ಖಾಲಿ ಹೊಟ್ಟೆಯಲ್ಲಿ ನೋಡಿದರೆ 168. ಲ್ಯಾಬಿನಲ್ಲಿ, ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 8.1 ಬಂತು.

ಡಾಕ್ಟರು ಅದಕ್ಕೆ ಅಕಾಂಥೋಸಿಸ್ ನೈಗ್ರಿಕಾನ್ಸ್ ಎಂಬ ಹೆಸರು ಹೇಳಿದರು. ಕೆಲಸ ಹೀಗೆ: ಹೊಟ್ಟೆಯ ಸುತ್ತ ಬೊಜ್ಜು ಸೇರಿದಾಗ ಇನ್ಸುಲಿನ್ನಿನ ಮಾತನ್ನು ಮೈ ಕೇಳುವುದಿಲ್ಲ. ಕೇಳುವುದಿಲ್ಲ ಅಂತ ಮೇದೋಜೀರಕ ಗ್ರಂಥಿ ಇನ್ನಷ್ಟು ಸುರಿಯುತ್ತದೆ. ರಕ್ತದಲ್ಲಿ ಹೆಚ್ಚಾದ ಆ ಇನ್ಸುಲಿನ್ ಚರ್ಮದ ಕೋಶಗಳನ್ನು ಬೆಳೆಯಿರಿ ಬೆಳೆಯಿರಿ ಅಂತ ಕೆಣಕುತ್ತದೆ. ಮಡಿಕೆ ಇರುವ ಕಡೆ ಚರ್ಮ ದಪ್ಪವಾಗಿ ಕಪ್ಪಾಗುತ್ತದೆ. ಸಕ್ಕರೆ ಕಾಯಿಲೆ ಬರುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಹೀಗೆ ಕಾಣಿಸಿಕೊಳ್ಳಬಹುದು. ಅಂದರೆ ನನ್ನ ಕತ್ತು ವರ್ಷಗಳಿಂದ ಕೂಗುತ್ತಿತ್ತು, ನಾನು ಅದರ ಬಾಯಿಗೆ ಕಡಲೆಹಿಟ್ಟು ಮೆತ್ತುತ್ತಿದ್ದೆ.

ಎರಡು ಮುದ್ದೆ ಒಂದಾಯಿತು. ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಅಂಬಾಜಿದುರ್ಗದ ಕಡೆ ನಡಿಗೆ. ಮಾತ್ರೆಯೂ ಉಂಟು. ಒಂಬತ್ತು ಕೆ.ಜಿ. ಇಳಿದೆ. ಎಂಟು ತಿಂಗಳಿಗೆ ಕತ್ತಿನ ಕಪ್ಪು ಅರ್ಧಕ್ಕರ್ಧ ತಿಳಿಯಾಯಿತು, ಒಂದು ಟ್ಯೂಬ್ ಹಚ್ಚದೆ. ಮನೆಯವರು ನೋಡಿ, "ಈಗ ಸರಿಯಾಗಿ ಉಜ್ಜಿಕೊಳ್ತಿದ್ದೀರಿ ಬಿಡಿ" ಅಂದರು.

ಚರ್ಮ ಅಂದರೆ ಗೋಡೆಗೆ ಬಳಿದ ಸುಣ್ಣ, ಒಳಗಿನ ಮನೆಗೂ ಅದಕ್ಕೂ ಸಂಬಂಧವೇ ಇಲ್ಲ ಎಂದು ವಾದಿಸುವವರಿದ್ದಾರೆ. ಅವರನ್ನು ಒಂದು ದಿನ ನಮ್ಮ ಕೌಂಟರಿನ ಈಚೆ ಕೂರಿಸಬೇಕು. ಜನ ಬರುತ್ತಾರೆ, ಗಾಜಿನ ಮೇಲೆ ಕೈ ಇಡುತ್ತಾರೆ, "ಇದಕ್ಕೊಂದು ಟ್ಯೂಬ್ ಕೊಡಿ" ಅನ್ನುತ್ತಾರೆ. ಹೀಗೇ ಒಂದು ಸಂತೆ ದಿನ ಮುರುಗಮಲ್ಲದ ಕಡೆಯ ಹೆಣ್ಣುಮಗಳೊಬ್ಬಳು ಮುಖ ಬೆಳ್ಳಗಾಗುವ ಕ್ರೀಮ್ ಕೇಳಿದಳು. ಕಾಸು ಎಣಿಸುತ್ತಿದ್ದ ಅವಳ ಅಂಗೈ ನೋಡಿದೆ, ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಉಗುರು ಚಪ್ಪಟೆಯಾಗಿ ನಡುವೆ ತಗ್ಗಾಗಿತ್ತು, ಒಂದು ತೊಟ್ಟು ನೀರು ಬಿಟ್ಟರೆ ನಿಲ್ಲುವಂತೆ. "ಬಳಪ ಗಿಳಪ ತಿಂತೀಯೇನಮ್ಮಾ?" ಅಂತ ಕೇಳಿದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಬಳಪ ಅಲ್ಲ, ಹಸಿ ಅಕ್ಕಿ. ದಿನಕ್ಕೆ ಒಂದು ಪಾವು. ಕಬ್ಬಿಣದ ಅಂಶ ಕಡಿಮೆಯಾದವರಿಗೆ ಇಂಥ ಚಪಲ ಹತ್ತುವುದುಂಟು. ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ. ಹಿಮೋಗ್ಲೋಬಿನ್ 7.2. ಹೆಂಗಸರಿಗೆ 12 ಇರಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆ. ಅವರಲ್ಲಿ ಎಷ್ಟು ಮಂದಿ ಮುಖಕ್ಕೆ ಕ್ರೀಮ್ ಹುಡುಕುತ್ತಿದ್ದಾರೋ.

ಕಾಮಾಲೆಯ ಮಾತು ಹೇಳುವುದೇ ಬೇಡ. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು 3ರ ಹತ್ತಿರ ಬಂದರೆ ಕಣ್ಣು ಹಳದಿ, ಇನ್ನೂ ಏರಿದರೆ ಮೈ ಹಳದಿ. ಥೈರಾಯ್ಡ್ ಕುಂದಿದವರ ಚರ್ಮ ಒಣಗಿ ಒರಟಾಗುತ್ತದೆ, ಹುಬ್ಬಿನ ಹೊರತುದಿ ಉದುರುತ್ತದೆ. ಕಿಡ್ನಿ ಸೋತವರಿಗೆ ಗುಳ್ಳೆಯೇ ಇಲ್ಲದೆ ಮೈಯೆಲ್ಲ ತುರಿಕೆ. ಕೆರೆದುಕೊಂಡ ಗೆರೆಗಳು ಮಾತ್ರ ಕಾಣುತ್ತವೆ.

ಆಯುರ್ವೇದದ್ದೂ ಒಂದು ಮಾತು ಸೇರಿಸಿ ಎಂದು ಸಂಪಾದಕರು ಹೇಳಿದ್ದರು. ಸೇರಿಸಿದ್ದೇನೆ. ಚರಕ ಚರ್ಮಕ್ಕೆ ಆರು ಪದರ ಹೇಳಿದ್ದಾನೆ, ಸುಶ್ರುತ ಏಳು. ಚರ್ಮದ ಬಣ್ಣ, ಕಾಂತಿಗೆ ಭ್ರಾಜಕ ಪಿತ್ತ ಕಾರಣ, ಉಂಡ ಅನ್ನ ಸರಿಯಾಗಿ ಪಚನವಾಗಿ ಮೈಗೆ ಹತ್ತುವ ಸಾರ, ಅಂದರೆ ರಸಧಾತು ಆದರೆ ಚರ್ಮ ಚೆನ್ನಾಗಿರುತ್ತದೆ ಎನ್ನುವುದು ಅವರ ಲೆಕ್ಕ. ಊಟ ಬಲ್ಲವನಿಗೆ ರೋಗವಿಲ್ಲ ಅಂತ ನಮ್ಮವರು ಸುಮ್ಮನೆ ಹೇಳಿದ್ದಲ್ಲ. ಇದರಾಚೆಗೆ ಹೇಳಲು ನಾನು ಪಂಡಿತನಲ್ಲ.

ನಾನು ಬಲ್ಲದ್ದು ಟ್ಯೂಬುಗಳನ್ನು. ಹುಳುಕಡ್ಡಿಗೆ ಎಂದು ಬರುವವರು ಹತ್ತಕ್ಕೆ ಎಂಟು ಮಂದಿ ಆಗಲೇ ಎಲ್ಲೋ ಸ್ಟಿರಾಯ್ಡ್ ಬೆರೆತ ಟ್ಯೂಬ್ ಹಚ್ಚಿರುತ್ತಾರೆ. 2018ರಲ್ಲಿ ಇಂಥ ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಕೊಡಬಾರದೆಂದು, ಚೀಟಿ ಬೇಕಾದ ಔಷಧಗಳ ಪಟ್ಟಿಯಾದ ಶೆಡ್ಯೂಲ್ ಎಚ್‌ಗೆ ಬಿಗಿಮಾಡಿದರು. ಜನರ ನಾಲಗೆಯಲ್ಲಿ ಆ ಟ್ಯೂಬುಗಳ ಹೆಸರು ಮಾತ್ರ ಉಳಿದುಬಿಟ್ಟಿದೆ. ಹಚ್ಚಿದ ಮೂರೇ ದಿನಕ್ಕೆ ತುರಿಕೆ ಮಾಯ. ಬಿಟ್ಟ ವಾರಕ್ಕೆ ಬಟ್ಟಲಗಲ ಇದ್ದದ್ದು ತಟ್ಟೆಯಗಲ. ಹೊರಗಿನ ಮದ್ದಿನ ಹಣೆಬರಹ ಇಷ್ಟೇ. ಹುಳುಕಡ್ಡಿ ಅಂಟುವುದೇ ಹೊರಗಿನ ಬೂಷ್ಟಿನಿಂದ, ಅದಕ್ಕೆ ಒಳಗಿನ ಆರೋಗ್ಯ ಏನು ಮಾಡುತ್ತದೆ ಎಂದು ಎದುರು ಪಕ್ಷದವರು ಕೇಳಬಹುದು. ಕೇಳಲಿ. ಸಕ್ಕರೆ ಕಾಯಿಲೆಯವರನ್ನು ಅದು ಎಷ್ಟು ಕಾಡುತ್ತದೆಂದು ನನ್ನ ಬಿಲ್ ಪುಸ್ತಕ ಹೇಳುತ್ತದೆ. ಮತ್ತೆ ಅಲ್ಲಿಗೇ ಬಂದೆವು ನೋಡಿ, ಸಕ್ಕರೆಗೆ.

ಒಂದು ಮಾತು ಒಪ್ಪಿಕೊಳ್ಳದಿದ್ದರೆ ನಮ್ಮ ಗಿರಾಕಿಗಳೇ ನಗುತ್ತಾರೆ. ರಕ್ತಶುದ್ಧಿ ಟಾನಿಕ್ ಅಂತ ಕೆಂಪು ಸೀಸೆಗಳು ನಮ್ಮಲ್ಲೂ ಇವೆ, ಮೇಲಿನ ಖಾನೆಯಲ್ಲಿ, ಕಣ್ಣಿಗೆ ಕಾಣುವ ಹಾಗೆ. ಯಾವ ರಕ್ತ, ಅದರಲ್ಲಿ ಏನು ಕೊಳೆ, ಅದು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಕೊಳ್ಳುವವರು ಕೇಳುವುದಿಲ್ಲ. ನಾನೂ ಹೇಳುವುದಿಲ್ಲ. ಆದರೆ ಒಳಗೆ ಸರಿಯಿದ್ದರೆ ಹೊರಗೂ ಸರಿಯಿರುತ್ತದೆ ಎನ್ನುವ ಅವರ ನಂಬಿಕೆ ಮಾತ್ರ ತಪ್ಪಲ್ಲ, ಸೀಸೆ ತಪ್ಪು.

ನಿಮ್ಮ ಮನೆಯಲ್ಲಿ ಯಾರದಾದರೂ ಕತ್ತು ಕಪ್ಪಾಗಿದ್ದರೆ, ಅದೂ ಹತ್ತು ಹನ್ನೆರಡು ವರ್ಷದ ದಪ್ಪಗಿನ ಮಕ್ಕಳದ್ದಾಗಿದ್ದರೆ, ಗದರಬೇಡಿ. ನಾಳೆ ಬೆಳಿಗ್ಗೆ ಕಾಫಿ ಕೊಡುವ ಮುಂಚೆ ಲ್ಯಾಬಿಗೆ ಕರೆದುಕೊಂಡು ಹೋಗಿ.

ವಿರೋಧ: ಹತ್ತು ಮಂಡಲದ ಸಪ್ಪೆ ಊಟ

ಪರ ಬರೆದವರು ಏನು ಬರೆದಿದ್ದಾರೆಂದು ಓದದೆಯೂ ಹೇಳಬಲ್ಲೆ. ಚರ್ಮ ದೇಹದ ಕನ್ನಡಿ ಎಂದಿರುತ್ತಾರೆ. ಬೆಳಿಗ್ಗೆ ಎದ್ದು ಬೂದುಗುಂಬಳಕಾಯಿ ರಸ ಕುಡಿಯಿರಿ, ಮೊಡವೆ ಹೋಗುತ್ತದೆ ಎಂದಿರುತ್ತಾರೆ. ಕೊಬ್ಬರಿ ಎಣ್ಣೆಯ ಹಾಗೆ ಮಿರಮಿರ ಮಿಂಚುವ ಯಾರೋ ಋಷಿಯ ಚಿತ್ರ ಜೊತೆಗಿರುತ್ತದೆ. ಈ ಕನ್ನಡಿಯಲ್ಲಿ ನನ್ನನ್ನು ಇಪ್ಪತ್ತು ವರ್ಷ ನೋಡಿದ್ದಾರೆ. ಆದ್ದರಿಂದ ಬರೆಯಿರಿ ಎಂದಾಗ ಎರಡನೇ ಸಲ ಕೇಳಿಸಿಕೊಳ್ಳಲಿಲ್ಲ.

2004ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ರಜೆಯಲ್ಲಿದ್ದೆ. ಎಡಗೈ ಮಣಿಕಟ್ಟಿನಲ್ಲಿ, ವಾಚು ಕಟ್ಟುವ ಕಡೆ, ಅವರೆಕಾಳಿನಷ್ಟು ಬಿಳಿ ಮಚ್ಚೆ ಕಂಡಿತು. ಎರಡು ತಿಂಗಳಲ್ಲಿ ತುಟಿಯ ಮೂಲೆಗೂ ಬಂತು. ತೊನ್ನು. ಆ ಹೆಸರನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, "ಅದು" ಅನ್ನುತ್ತಿದ್ದರು. ಅಜ್ಜಿ ಮಾತ್ರ ಕಾರಣ ಹೇಳಿದಳು: "ಮೀನು ತಿಂದು ಹಾಲು ಕುಡಿದವಳೆ. ಇನ್ನೇನು." ನಮ್ಮ ಮನೆಗೆ ಮೀನು ಬರುತ್ತಿದ್ದದ್ದು ಕೆರೆ ತುಂಬಿದ ವರ್ಷ. ಮಚ್ಚೆ ಬರುವುದಕ್ಕೆ ಹಿಂದಿನ ಮೂರು ವರ್ಷ ಕೆರೆಯಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಹಾಲೋ, ಡೇರಿಗೆ ಹಾಕಿ ಉಳಿದರೆ ಕಾಫಿಗೆ. ಈ ಎರಡನ್ನೂ ಒಂದೇ ದಿನ ಕೂಡಿಸುವಷ್ಟು ಶ್ರೀಮಂತಿಕೆ ನಮ್ಮದಾಗಿರಲಿಲ್ಲ ಎಂದು ಅಜ್ಜಿಗೆ ಹೇಳುವವರು ಯಾರು?

ಪಕ್ಕದ ತಾಲ್ಲೂಕಿನ ಒಬ್ಬರ ಹತ್ತಿರ ಕರೆದುಕೊಂಡು ಹೋದರು. ನಾಡಿ ಹಿಡಿದರು, ನಾಲಗೆ ನೋಡಿದರು. ಮಚ್ಚೆಯನ್ನು ಸರಿಯಾಗಿ ನೋಡಲೂ ಇಲ್ಲ. "ಮೇಲಿರೋದು ಏನೂ ಅಲ್ಲಮ್ಮ. ಒಳಗೆ ನಂಜು ತುಂಬೈತೆ, ರಕ್ತ ಕೆಟ್ಟೈತೆ. ಒಳಗೆ ಶುದ್ಧಿಯಾದರೆ ಇದು ತಾನೇ ಹೋಯ್ತದೆ" ಎಂದರು. ಎಷ್ಟು ಸಮಾಧಾನದ ಮಾತು ನೋಡಿ. ಅಮ್ಮ ಕೈ ಮುಗಿದಳು. ಪಥ್ಯ ಹೇಳಿದರು: ಹಾಲು, ಮೊಸರು, ಮೀನು, ಮೊಟ್ಟೆ, ಮಾಂಸ ಬೇಡ. ಬದನೆಕಾಯಿ, ಹುಣಸೆಹಣ್ಣು, ನಿಂಬೆ, ಹುಳಿ ಇರುವ ಯಾವುದೂ ಬೇಡ. ಸೊಪ್ಪು ಬೇಡ, ಅದು ಉಷ್ಣವೋ ಶೀತವೋ ಮರೆತಿದ್ದೇನೆ. ಉಪ್ಪು ಬೇಡ. ಒಂದು ಮಂಡಲ, ಅಂದರೆ 48 ದಿನ. ಬೆಳಿಗ್ಗೆ ಸಂಜೆ ಬೇವಿನ ಕಷಾಯ. ಬಾವಂಚಿ ಬೀಜ ಅರೆದು ಮಚ್ಚೆಗೆ ಹಚ್ಚಿ ಬಿಸಿಲಿಗೆ ಕೂರಬೇಕು.

ಮಂಡಲ ಮುಗಿಯಿತು, ಮಚ್ಚೆ ಹೋಗಲಿಲ್ಲ. ನಂಜು ಹಳೆಯದು, ಇನ್ನೊಂದು ಮಂಡಲ ಎಂದರು. ಹೀಗೆ ಹತ್ತು ಮಂಡಲ. 480 ದಿನ ನಾನು ಉಂಡದ್ದು ಉಪ್ಪಿಲ್ಲದ ಮುದ್ದೆ, ಹೆಸರುಬೇಳೆಯ ಕಟ್ಟು. ಮನೆಯವರೆಲ್ಲ ಹಿತಕಿದ ಬೇಳೆ ಸಾರು ಉಣ್ಣುವಾಗ ನಾನು ಹಿತ್ತಲಲ್ಲಿ ಹೋಗಿ ಕೂರುತ್ತಿದ್ದೆ. ಅವರೆಕಾಯಿಯ ಸೊಗಡು ಹಿತ್ತಲಿಗೂ ಬರುತ್ತದೆ. ಬಾವಂಚಿ ಹಚ್ಚಿ ಏಪ್ರಿಲ್ ಬಿಸಿಲಿನಲ್ಲಿ ಕೂತ ಒಂದು ದಿನ ತುಟಿಯ ಮೇಲೆ ನೀರುಗುಳ್ಳೆ ಎದ್ದು ಒಡೆಯಿತು, ಹದಿನೈದು ದಿನ ಚಮಚದಲ್ಲಿ ಗಂಜಿ. ಆ ಇಡೀ ಚಿಕಿತ್ಸೆಯಲ್ಲಿ ಸ್ವಲ್ಪವಾದರೂ ಅರ್ಥವಿದ್ದದ್ದು ಆ ಬಾವಂಚಿಗೇ ಎಂದು ಬಿ.ಎಸ್ಸಿ. ಓದುವಾಗ ತಿಳಿಯಿತು. ಅದರಲ್ಲಿ ಸೋರಾಲೆನ್ ಎಂಬ ವಸ್ತು ಇದೆ, ಬಿಸಿಲು ತಾಗಿದರೆ ಚರ್ಮದ ಬಣ್ಣದ ಕೋಶಗಳನ್ನು ಕೆರಳಿಸುತ್ತದೆ, ಅಳತೆ ತಪ್ಪಿದರೆ ಸುಡುತ್ತದೆ. ಗಮನಿಸಿ, ಅದು ಹೊರಗೆ ಹಚ್ಚುವ ಮದ್ದು. ಒಳಗಿನ ನಂಜಿಗೂ ಅದಕ್ಕೂ ಸಂಬಂಧವಿಲ್ಲ.

ಎರಡನೇ ಪಿಯುಸಿಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಬಿದ್ದೆ. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಬೆರಳು ಚುಚ್ಚಿಸಿದರು. ಹಿಮೋಗ್ಲೋಬಿನ್ 6.9. "ಏನಮ್ಮಾ ತಿಂತೀಯಾ ನೀನು?" ಎಂದು ಕೇಳಿದಾಗ ಅಮ್ಮ ಹೆಮ್ಮೆಯಿಂದಲೇ ಪಥ್ಯದ ಪಟ್ಟಿ ಒಪ್ಪಿಸಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು. ಚರ್ಮದಲ್ಲಿ ಬಣ್ಣ ತಯಾರಿಸುವ ಕೋಶಗಳಿರುತ್ತವೆ, ಇವಳ ಮೈಯ ರಕ್ಷಣೆಗೆಂದಿರುವ ಬಿಳಿ ರಕ್ತಕಣಗಳೇ ಅವನ್ನು ಶತ್ರು ಅಂದುಕೊಂಡು ಕೊಲ್ಲುತ್ತವೆ, ಅಂಟುಜಾಡ್ಯ ಅಲ್ಲ, ಕುಷ್ಠ ಅಲ್ಲ, ಊಟಕ್ಕೂ ಇದಕ್ಕೂ ಸಂಬಂಧ ಇಲ್ಲ ಎಂದು ಹೇಳಿದರು. ಜಗತ್ತಿನಲ್ಲಿ ಹೆಚ್ಚುಕಡಿಮೆ 100ಕ್ಕೆ ಒಬ್ಬರಿಗೆ ಇದು ಇರುತ್ತದೆ. ಕೆಲವರಿಗೆ ಜೊತೆಯಲ್ಲಿ ಥೈರಾಯ್ಡ್ ತೊಂದರೆಯೂ ಇರಬಹುದು ಅಂತ ಅದನ್ನೂ ಪರೀಕ್ಷೆ ಮಾಡಿಸಿದರು. ನನಗೆ ಇರಲಿಲ್ಲ. ಆ ಮಾತು ಅಲ್ಲಿಗೆ ಮುಗಿಯಿತು.

ಅಂದರೆ ಮಚ್ಚೆ ಬಂದಾಗ ನನ್ನ ಒಳಗು ಚೆನ್ನಾಗಿಯೇ ಇತ್ತು. ಒಳಗನ್ನು ಕೆಡಿಸಿದ್ದು ಒಳಗನ್ನು ಶುದ್ಧಿ ಮಾಡಲು ಹೊರಟವರು. ಈ ಒಂದು ವಾಕ್ಯಕ್ಕೆ ಪರ ಪಕ್ಷದವರು ಉತ್ತರ ಕೊಡಲಿ, ಉಳಿದದ್ದನ್ನೆಲ್ಲ ನಾನು ಒಪ್ಪಿಕೊಳ್ಳುತ್ತೇನೆ.

ಅವರು ಕೊಡುವ ಉತ್ತರ ಗೊತ್ತು. ಕಾಮಾಲೆ ಮೈಮೇಲೆ ಕಾಣುವುದಿಲ್ಲವೆ, ರಕ್ತಹೀನತೆ ಕಾಣುವುದಿಲ್ಲವೆ ಅನ್ನುತ್ತಾರೆ. ಡಾಕ್ಟರು ನೋಡುವುದು ಎಲ್ಲಿ? ಕಣ್ಣಿನ ಬಿಳಿಯಲ್ಲಿ, ರೆಪ್ಪೆಯ ಒಳಬದಿಯಲ್ಲಿ, ನಾಲಗೆಯಲ್ಲಿ. ಇವು ಯಾವುವೂ ಚರ್ಮವಲ್ಲ ಎಂದು ನನ್ನ ಎಂಟನೇ ತರಗತಿ ಮಕ್ಕಳೂ ಹೇಳುತ್ತಾರೆ. ನಮ್ಮಂಥ ಕಪ್ಪು ಮೈಬಣ್ಣದವರ ಚರ್ಮದಲ್ಲಿ ಹಳದಿಯೂ ತಿಳಿಯುವುದಿಲ್ಲ, ಆಮ್ಲಜನಕ ಕಡಿಮೆಯಾದ ನೀಲಿಯೂ ಬೇಗ ತಿಳಿಯುವುದಿಲ್ಲ, ಅದಕ್ಕೇ ಅವರು ಅಲ್ಲಿ ಹುಡುಕುವುದು. ಇನ್ನು ಬಿ.ಪಿ.? ಅದಕ್ಕೆ ಚರ್ಮದಲ್ಲಿ ಗುರುತೇ ಇಲ್ಲ. ನಮ್ಮ ಶಾಲೆಯಲ್ಲಿ ಎಲ್ಲರಿಗಿಂತ ಕಳೆಕಳೆಯಾಗಿದ್ದ ಮೇಷ್ಟ್ರು, ಐವತ್ತೆರಡಕ್ಕೆ ಒಂದು ಬಿಳಿಕೂದಲಿಲ್ಲ, ಕ್ಲಾಸಿನಿಂದ ಬಂದು ಕುರ್ಚಿಯಲ್ಲಿ ಕೂತವರು ಹಾಗೇ ಹೋದರು.

ನಮ್ಮಮ್ಮ ರೇಷ್ಮೆ ನೂಲು ಬಿಚ್ಚುವವಳು. ಮೂವತ್ತೈದು ವರ್ಷ ಬಾಡಿಗೆ ಬೇಸಿನ್ನಿನ ಮುಂದೆ ಕೂತವಳು. ಗೂಡನ್ನು ಕುದಿನೀರಿನಲ್ಲಿ ಬೇಯಿಸಬೇಕು, ಎಳೆಗೆ ಅಂಟಿರುವ ಗೋಂದು ಆಗಲೇ ಕರಗುವುದು. ಆ ಬಿಸಿನೀರಿಗೆ ಬೆರಳು ಅದ್ದಿ ಎಳೆಯ ತುದಿ ಹಿಡಿಯಬೇಕು, ದಿನಕ್ಕೆ ಎಷ್ಟು ಸಾವಿರ ಸಲವೋ. ಸಂಜೆ ಮನೆಗೆ ಬಂದಾಗ ಅವಳ ಬೆರಳುಗಳು ನೆನೆಸಿಟ್ಟ ಕಡಲೆಯ ಹಾಗೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಬೆರಳ ಸಂದಿಯಲ್ಲಿ ಸುಲಿದು ಕೆಂಪಗೆ. ಮುದ್ದೆ ಮುರಿಯಲು ಆಗುತ್ತಿರಲಿಲ್ಲ, ಖಾರದ ಸಾರಿಗೆ ಕೈ ಅದ್ದಲು ಆಗುತ್ತಿರಲಿಲ್ಲ, ನಾನೇ ತುತ್ತು ಮಾಡಿ ಕೊಡುತ್ತಿದ್ದೆ. ಹಬ್ಬಕ್ಕೆ ಮಾರುಕಟ್ಟೆ ಮುಚ್ಚಿ ನಾಲ್ಕು ದಿನ ಕೆಲಸ ನಿಂತರೆ ಹೊಸ ಚರ್ಮ ಬರುತ್ತಿತ್ತು. ಗೂಡು ಬಂದರೆ ಮತ್ತೆ ಹೋಗುತ್ತಿತ್ತು. ನಾನು ಬಿದ್ದ ದಿನ ಆ ಡಾಕ್ಟರು ಅವಳ ಕೈ ನೋಡಿ "ಇದೇನಮ್ಮಾ?" ಅಂದರೆ, ಸೆರಗಿನೊಳಗೆ ಎಳೆದುಕೊಂಡು "ಅದು ನೀರಿನ ಕೈ ಸಾರ್" ಎಂದಳು. ಶಿಡ್ಲಘಟ್ಟದಲ್ಲಿ ಇಂಥ ಕೈಗಳು ಕೇರಿ ತುಂಬ ಇವೆ. ಈ ಚರ್ಮ ಅವಳ ಒಳಗಿನ ಯಾವುದನ್ನು ಹೇಳುತ್ತಿದೆ? ಅವಳ ಪಿತ್ತವನ್ನೋ, ಪಚನವನ್ನೋ? ಹೇಳುತ್ತಿರುವುದು ಅವಳ ಕೂಲಿಯನ್ನು. ಇಂಥ ಕೈಗೂ ಒಮ್ಮೆ ಯಾರೋ ಯೋಗ ಶಿಬಿರದವರು "ಹೊಟ್ಟೆ ಶುದ್ಧಿ ಇಟ್ಟುಕೊಳ್ಳಿ" ಎಂದು ತ್ರಿಫಲಾ ಚೂರ್ಣದ ಪೊಟ್ಟಣ ಕೊಟ್ಟು ಹೋದರು.

ನಮ್ಮ ದೊಡ್ಡಪ್ಪನದೂ ಅದೇ ಕಥೆ. ರೆಪ್ಪೆ, ಕತ್ತು, ಮೊಣಕೈ ಮಡಿಕೆ ಎಲ್ಲ ಆನೆಯ ಚರ್ಮದಂತೆ ದಪ್ಪಗಾಗಿ ಕೆರೆತ. ಇಸುಬು, ಬದನೆಕಾಯಿ ನಂಜು ಎಂದು ಮೂರು ವರ್ಷ ಬದನೆಕಾಯಿ ಬಿಟ್ಟರು. ಬೆಂಗಳೂರಿನ ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದಾಗ ತಾನೇ ಮಾಯಿತು, ಊರಿಗೆ ಬಂದ ವಾರಕ್ಕೆ ಮತ್ತೆ ಶುರು. ಹೊಲದ ಬದುವಿನ ತುಂಬ ಇದ್ದ ಕಾಂಗ್ರೆಸ್ ಗಿಡದ ಅಲರ್ಜಿ ಅದು. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದು ಮಡಿಕೆಗಳಲ್ಲಿ ಕೂರುತ್ತದೆ. ಬದನೆಕಾಯಿಯದು ಏನೂ ತಪ್ಪಿರಲಿಲ್ಲ.

ಶಾಲೆಯಲ್ಲಿ ಪ್ರತಿ ವರ್ಷ ಒಬ್ಬಿಬ್ಬರು ತಾಯಂದಿರು ಮಗುವಿನ ಕೆನ್ನೆಯ ಮೇಲಿನ ಮಾಸಲು ಬಿಳಿ ಮಚ್ಚೆ ತೋರಿಸಿ ಜಂತುಹುಳದ ಮಾತ್ರೆ ಕೇಳುತ್ತಾರೆ. ಫೆಬ್ರವರಿ 10ರ ಜಂತುಹುಳು ನಿವಾರಣಾ ದಿನ ಎಲ್ಲ ಮಕ್ಕಳಿಗೂ ಆಲ್ಬೆಂಡಜೋಲ್ ಕೊಡುತ್ತೇವೆ, ಕೊಡಬೇಕಾದದ್ದೇ. ಮಚ್ಚೆ ಮಾತ್ರ ಹಾಗೇ ಇರುತ್ತದೆ. ಅದು ಚರ್ಮ ಒಣಗಿ ಬರುವ ಸಣ್ಣ ಇಸುಬು, ಹೊಟ್ಟೆಯ ಹುಳಕ್ಕೂ ಅದಕ್ಕೂ ನಂಟಿಲ್ಲ, ಎಣ್ಣೆಯೋ ವ್ಯಾಸಲಿನ್ನೋ ಹಚ್ಚುತ್ತಾ ಬಂದರೆ ತಿಂಗಳುಗಳಲ್ಲಿ ತಾನೇ ತಿಳಿಯಾಗುತ್ತದೆ. ಹೀಗೆಂದು ಹೇಳಿದರೆ ನನ್ನ ತುಟಿಯ ಕಡೆ ನೋಡಿ ಸುಮ್ಮನಾಗುತ್ತಾರೆ. ಇವಳಿಗೇನು ಗೊತ್ತು, ಇವಳದ್ದೇ ಹೋಗಿಲ್ಲ ಎಂದು.

ಹೆಣ್ಣು ನೋಡಲು ಬಂದವರ ಮಾತೂ ಬರೆದುಬಿಡುತ್ತೇನೆ. ಮೂರನೆಯ ಸಂಬಂಧ. ಕಾಫಿ ಕುಡಿದಾದ ಮೇಲೆ ಹುಡುಗನ ಸೋದರತ್ತೆ ಅಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದರು: "ಹೊರಗಡೆದು ಕಾಣ್ತಾ ಐತಲ್ಲ, ಅದು ಬಿಡಿ. ಒಳಗೆ ಏನೈತೆ ಹೇಳಿ." ಚರ್ಮ ಒಳಗಿನದನ್ನು ತೋರಿಸುತ್ತದೆ ಎಂಬ ಮಾತು ಪತ್ರಿಕೆಯಲ್ಲಿ ಬಂದರೆ ಆರೋಗ್ಯ ಸಲಹೆ. ನಮ್ಮ ಮನೆಯ ನಡುಮನೆಗೆ ಬಂದಾಗ ಅದು ಹೀಗಿರುತ್ತದೆ.

ಈಗ ಕಾಂತಿ ಎಂಬ ಪದ ಹಿಡಿದಿದ್ದಾರೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಬೆಳ್ಳಗಿರು ಅಂತ ಹೇಳುವ ಹಾಗಿಲ್ಲ, ಆರೋಗ್ಯವಾಗಿ ಹೊಳೆ ಅಂತ ಹೇಳಬಹುದು. ಹೊಳೆಯದಿದ್ದರೆ ನಿನ್ನ ಊಟ ಸರಿಯಿಲ್ಲ, ನಿದ್ದೆ ಸರಿಯಿಲ್ಲ, ಮನಸ್ಸು ಸರಿಯಿಲ್ಲ. ಮೊದಲು ಬಣ್ಣ ನಮ್ಮ ಹಣೆಬರಹವಾಗಿತ್ತು, ಈಗ ನಮ್ಮ ತಪ್ಪಾಗಿದೆ. ಆ ಹೊಳಪಿನ ಆಸೆಗೆ ಜನ ಹಚ್ಚಿಕೊಳ್ಳುವ ಗೊತ್ತುಗುರಿಯಿಲ್ಲದ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಅಂಥ ಕ್ರೀಮ್ ಹಚ್ಚಿದವರ ಕಿಡ್ನಿ ಕೆಟ್ಟ ಪ್ರಕರಣಗಳು ಬೆಳಕಿಗೆ ಬಂದವು. ಮುಖ ಮಾತ್ರ ಹೊಳೆಯುತ್ತಿತ್ತು.

ಬಸ್ ನಿಲ್ದಾಣದ ಮೂತ್ರಾಲಯದ ಗೋಡೆ ನೋಡಿ. ತೊನ್ನು ಗ್ಯಾರಂಟಿ ವಾಸಿ, ಒಳಗಿನಿಂದ ಬುಡಸಮೇತ ಎಂಬ ಚೀಟಿ ಅಂಟಿಸಿರುತ್ತಾರೆ. ಅಂಥ ಜಾಹೀರಾತು ಅಪರಾಧ ಎಂದು 1954ರಲ್ಲೇ ಕಾಯಿದೆ ಬಂದಿದೆ, ಅದರ ರೋಗಗಳ ಪಟ್ಟಿಯಲ್ಲಿ ತೊನ್ನಿನ ಹೆಸರೂ ಇದೆ. ಆ ಚೀಟಿಗಳ ಮೇಲಿನ ಫೋನ್ ನಂಬರು ಹರಿದು ಹಾಕುವುದನ್ನು ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ, ಶಾಲೆಗೆ ಹೋಗುವಾಗ, ಉಗುರಿನಲ್ಲಿ ಕೆರೆದು. ಗಂಡಸರ ಕಡೆಯ ಗೋಡೆಯನ್ನು ನಮ್ಮ ಮನೆಯವರು ನೋಡಿಕೊಳ್ಳುತ್ತಾರೆ.

ಅವರು ನಾಲ್ಕನೆಯ ಸಂಬಂಧ. ಅವರ ಕಡೆಯವರು ಒಳಗೆ ಏನಿದೆ ಎಂದು ಕೇಳಲಿಲ್ಲ, ಮನೆಯಲ್ಲಿ ಮೀನಿನ ಸಾರು ಮಾಡುತ್ತೀರಾ ಎಂದು ಕೇಳಿದರು. ಈಗ ಭಾನುವಾರ ಮೀನು ತಂದರೆ, ಉಂಡ ಮೇಲೆ ಒಂದು ಲೋಟ ಮಜ್ಜಿಗೆ ಕುಡಿಯುತ್ತೇನೆ, ಉಪ್ಪು ಹಾಕಿಕೊಂಡು. ತುಟಿಯ ಮೇಲಿನದು ಇದ್ದಷ್ಟೇ ಇದೆ. ಹೋದ ವರ್ಷ ಮೊಣಕೈಯಲ್ಲಿ ಇನ್ನೊಂದು ಬಂತು. ಅದು ಶ್ರಾವಣ, ಮನೆಯಲ್ಲಿ ತಿಂಗಳಿಡೀ ಮೀನು ತಂದಿರಲಿಲ್ಲ.